ಆಂಟಿಬಯೋಟಿಕ್ ಮುಗಿಯಿತು, ಪ್ರೋಬಯೋಟಿಕ್ ಇನ್ನೆಷ್ಟು ದಿನ ನುಂಗಬೇಕು?

ಹಲ್ಲುನೋವು:
ಹಲ್ಲಿನ ಬೇರಿನಲ್ಲಿ ಕೀವು ತುಂಬಿ ಏಳು ದಿನ ಆಂಟಿಬಯೋಟಿಕ್ ತಗೊಂಡೆ. ಮೂರನೇ ದಿನಕ್ಕೆ ಭೇದಿ ಶುರುವಾಯಿತು. ಡಾಕ್ಟರ್ ಜೊತೆಗೊಂದು ಪ್ರೋಬಯೋಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಜೀವಂತ ಸೂಕ್ಷ್ಮಜೀವಿಗಳ ಕ್ಯಾಪ್ಸೂಲ್ ಬರೆದುಕೊಟ್ಟರು. ಆಂಟಿಬಯೋಟಿಕ್ ಇರುವಷ್ಟು ದಿನ, ಆಮೇಲೆ ಒಂದು ವಾರ ಸಾಕು ಎಂದರು. ಔಷಧಿ ಅಂಗಡಿಯವರು ಮಾತ್ರ "ಕರುಳು ಮೊದಲಿನ ಹಾಗೆ ಆಗಬೇಕು ಅಂದ್ರೆ ಮೂರು ತಿಂಗಳು ಬಿಡಬೇಡಿ" ಅನ್ನುತ್ತಿದ್ದಾರೆ.

ಈಗ ಭೇದಿ ನಿಂತು ಹದಿನೈದು ದಿನ ಆಗಿದೆ. ಆದರೆ ಸಂಜೆ ಆದರೆ ಸಾಕು, ಹೊಟ್ಟೆ ಡೋಲಿನ ಹಾಗೆ ಉಬ್ಬುತ್ತದೆ. ಕ್ಯಾಪ್ಸೂಲ್ ಇನ್ನೂ ನುಂಗುತ್ತಿದ್ದೇನೆ.

ಅನುಮಾನ ಬಂದು ಮೊನ್ನೆ ರಾತ್ರಿ ಒಂದು ಕಿತಾಪತಿ ಮಾಡಿದೆ. ಎರಡು ಲೋಟದಲ್ಲಿ ಉಗುರುಬೆಚ್ಚಗಿನ ಹಾಲು ಇಟ್ಟೆ. ಒಂದಕ್ಕೆ ಕ್ಯಾಪ್ಸೂಲ್ ಬಿಚ್ಚಿ ಪುಡಿ ಸುರಿದು ಕದಡಿದೆ. ಇನ್ನೊಂದಕ್ಕೆ ಒಂದು ಚಮಚ ಮೊಸರು. ಬೆಳಿಗ್ಗೆ ನೋಡಿದರೆ ಮೊಸರು ಹಾಕಿದ್ದು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಕ್ಯಾಪ್ಸೂಲಿನದು ಹಾಲು ಹಾಲಾಗಿಯೇ ಇತ್ತು. ತಳದಲ್ಲಿ ತಿಳಿಕಂದು ಬಣ್ಣದ ಗಸಿ ಮಾತ್ರ. ಅಂದರೆ ನಾನು ಇಷ್ಟು ದಿನ ನುಂಗಿದ್ದು ಸತ್ತ ಮಾಲಾ? ಗೊತ್ತಿರುವವರು ಹೇಳಿ.

ಸಂಶಯಪಿಶಾಚಿ:
ಸತ್ತ ಮಾಲೇ. ಬದುಕಿದ್ದರೂ ಅಷ್ಟೇ, ಹೊಟ್ಟೆಯ ಆಸಿಡ್ಡಿನಲ್ಲಿ ಎಷ್ಟೋ ಸಾಯುತ್ತವೆ. ಪ್ರೋಬಯೋಟಿಕ್ ಅನ್ನುವುದೇ ಒಂದು ದಂಧೆ ಗುರು. ದುಡ್ಡು ದಂಡ.

ಮೂಲೆ ಸೀಟು:
ಹೆಪ್ಪು ಹಾಕಿ ಪರೀಕ್ಷೆ ಮಾಡುವ ತಲೆ ಯಾರಿಗೆ ಬರುತ್ತದೆ! ಸಲಾಂ.

ಲ್ಯಾಬ್ ಕೋಟು:
ತಡೀರಿ ತಡೀರಿ. ಕ್ಯಾಪ್ಸೂಲಿನ ಒಳಗೆ ಏನಿದೆ ಅಂತ ಯಾರೂ ಕೇಳಲೇ ಇಲ್ಲವಲ್ಲ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಹೆಸರು ಇರುತ್ತದೆ. ಓದಿ ಹೇಳಿ.

ಹಲ್ಲುನೋವು:
ಸ್ಯಾಕರೋಮೈಸಿಸ್ ಬೌಲಾರ್ಡಿ, 250 ಮಿ.ಗ್ರಾಂ. ಪಕ್ಕದಲ್ಲಿ 500 ಕೋಟಿ ಅಂತ ಇದೆ.

ಲ್ಯಾಬ್ ಕೋಟು:
ಅಲ್ಲೇ ಇದೆ ಉತ್ತರ. ಅದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಬ್ರೆಡ್ ಉಬ್ಬಿಸುವ ಯೀಸ್ಟಿನ ಹತ್ತಿರದ ನೆಂಟ. ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಈ ಯೀಸ್ಟಿಗೆ ಲ್ಯಾಕ್ಟೋಸ್ ತಿನ್ನಲು ಬರುವುದಿಲ್ಲ. ತಿನ್ನದಿದ್ದರೆ ಹುಳಿ ಎಲ್ಲಿಂದ ಬರಬೇಕು, ಹಾಲು ಹೇಗೆ ಹೆಪ್ಪಾಗಬೇಕು? ಹಾಲನ್ನು ಹುಳಿ ಮಾಡುವ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ಆಗಿದ್ದರೆ ನಿಮ್ಮ ಪರೀಕ್ಷೆಗೆ ಸ್ವಲ್ಪ ಅರ್ಥ ಇತ್ತು.

ನಿಮ್ಮ ಡಾಕ್ಟರ್ ಯೋಚನೆ ಮಾಡಿಯೇ ಕೊಟ್ಟಿದ್ದಾರೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಯೀಸ್ಟನ್ನು ಮುಟ್ಟುವುದಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ನುಂಗಿದರೂ ಇದು ಬದುಕಿರುತ್ತದೆ. 1920ರ ದಶಕದಲ್ಲಿ ಹೆನ್ರಿ ಬೌಲಾರ್ಡ್ ಎಂಬ ಫ್ರೆಂಚ್ ವಿಜ್ಞಾನಿ ಇಂಡೋಚೈನಾದಲ್ಲಿ ಹಣ್ಣಿನ ಸಿಪ್ಪೆಯಿಂದ ಇದನ್ನು ಬೇರ್ಪಡಿಸಿದ. ಅಲ್ಲಿನ ಜನ ಭೇದಿಗೆ ಆ ಸಿಪ್ಪೆಯ ಕಷಾಯ ಕುಡಿಯುತ್ತಿದ್ದರು.

ಬದುಕಿದೆಯಾ ಅಂತ ನೋಡಲೇಬೇಕು ಅಂದರೆ ಬೆಚ್ಚಗಿನ ನೀರಿಗೆ ಸಕ್ಕರೆ ಹಾಕಿ ಪುಡಿ ಸುರಿದು ಒಂದೆರಡು ಗಂಟೆ ಬಿಡಿ.

ನೈಟ್ ಶಿಫ್ಟ್:
ಒಂದು ಮಾತು. ನಾನು ಐಸಿಯು ನರ್ಸ್. ಈ ಕ್ಯಾಪ್ಸೂಲನ್ನು ಮನೆಯಲ್ಲಿ ಬಿಚ್ಚಿ ಆಟ ಆಡಿ, ಪರವಾಗಿಲ್ಲ. ಆದರೆ ಕುತ್ತಿಗೆಗೋ ಎದೆಗೋ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಇಳಿಸುವ ನಳಿಕೆ) ಹಾಕಿರುವ ರೋಗಿ ಇರುವ ಕೋಣೆಯಲ್ಲಿ ಮಾತ್ರ ಬಿಚ್ಚಬಾರದು. ಪುಡಿ ಗಾಳಿಗೆ ಹಾರುತ್ತದೆ, ಕೈಗೆ ಅಂಟುತ್ತದೆ, ಲೈನಿನ ಮೂಲಕ ರಕ್ತಕ್ಕೆ ಸೇರುತ್ತದೆ. ಹೀಗೆ ಯೀಸ್ಟ್ ರಕ್ತಕ್ಕೆ ಸೇರಿ ಸತ್ತವರೂ ಇದ್ದಾರೆ. ಸೆಂಟ್ರಲ್ ಲೈನ್ ಇರುವವರಿಗೆ, ತೀರಾ ಸೀರಿಯಸ್ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿರುವವರಿಗೆ ಇದನ್ನು ಕೊಡಲೇಬಾರದು. ನೋಡಲು ಬಂದ ಮನೆಯವರು "ಹೊಟ್ಟೆಗೆ ಒಳ್ಳೆಯದು ಸಿಸ್ಟರ್" ಅಂತ ಚೀಲದಿಂದ ತೆಗೆದು ಚಮಚದಲ್ಲಿ ಕಲೆಸುವುದನ್ನು ಎರಡು ಸಲ ಹಿಡಿದಿದ್ದೇನೆ.

ಬರೀ ಓದುಗ:
ಅಬ್ಬಾ. ಮೊಸರಿನ ಅಣ್ಣ ತಮ್ಮ ಅಂದುಕೊಂಡಿದ್ದೆ ಇದನ್ನೆಲ್ಲ.

ಸಂಶಯಪಿಶಾಚಿ:
ನೋಡಿ, ನಾನು ಹೇಳಿದ್ದು ಇದನ್ನೇ. ಉಪಯೋಗ ಸೊನ್ನೆ, ಅಪಾಯ ಬೇರೆ. ಲೆಕ್ಕ ಹಾಕಿ. ನಮ್ಮ ಮೈಯಲ್ಲಿ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ. ಕ್ಯಾಪ್ಸೂಲಿನಲ್ಲಿ 500 ಕೋಟಿ. ಏಳೂವರೆ ಸಾವಿರ ಜನ ಇರುವ ಊರಿಗೆ ಒಬ್ಬ ನೆಂಟ ಬಂದ ಹಾಗೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

ಮೂಲೆ ಸೀಟು:
38 ಲಕ್ಷ ಕೋಟಿ ಅಲ್ಲ ಸ್ವಾಮಿ, ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಜಾಸ್ತಿ. ಎಲ್ಲ ಕಡೆ ಅದೇ ಬರೆದಿರುತ್ತಾರೆ.

ಲ್ಯಾಬ್ ಕೋಟು:
ಹತ್ತು ಪಟ್ಟು ಅನ್ನುವುದು ಹಳೇ ಕಥೆ. 1970ರ ದಶಕದ ಒಂದು ಅಂದಾಜು ಬಾಯಿಂದ ಬಾಯಿಗೆ ಹೋಗಿ ಸತ್ಯ ಆಗಿಬಿಟ್ಟಿತ್ತು. 2016ರಲ್ಲಿ ರಾನ್ ಮಿಲೋ ಮತ್ತು ಜೊತೆಯವರು ಕೂತು ಲೆಕ್ಕ ಹಾಕಿದರು. ಬ್ಯಾಕ್ಟೀರಿಯಾ 38 ಲಕ್ಷ ಕೋಟಿ, ನಮ್ಮ ಜೀವಕೋಶ 30 ಲಕ್ಷ ಕೋಟಿ. ಹೆಚ್ಚೂಕಡಿಮೆ ಸಮ ಸಮ. ಎಲ್ಲ ಬ್ಯಾಕ್ಟೀರಿಯಾ ಸೇರಿಸಿದರೂ ತೂಕ ಸುಮಾರು 200 ಗ್ರಾಂ. ಎರಡು ಕೆ.ಜಿ. ಅನ್ನುವುದೂ ಸುಳ್ಳು.

@ಸಂಶಯಪಿಶಾಚಿ, ಲೆಕ್ಕ ಸರಿ ಇದೆ, ತೀರ್ಮಾನ ತಪ್ಪು. ನೆಂಟ ಊರಲ್ಲಿ ಮನೆ ಕಟ್ಟಬೇಕಾಗಿಲ್ಲ. ಹೆಚ್ಚಿನ ಪ್ರೋಬಯೋಟಿಕ್‌ಗಳು ಹಾದುಹೋಗುವವೇ. ನಿಲ್ಲಿಸಿದ ಕೆಲವೇ ದಿನಕ್ಕೆ ಮಲದಲ್ಲಿ ಸಿಗುವುದಿಲ್ಲ. ಹೋಗುವ ದಾರಿಯಲ್ಲಿ ಏನಾದರೂ ಕೆಲಸ ಮಾಡಿ ಹೋಗುತ್ತವಾ ಅನ್ನುವುದು ಪ್ರಶ್ನೆ. ಆಂಟಿಬಯೋಟಿಕ್ ಜೊತೆ ಬರುವ ಭೇದಿಯ ವಿಷಯದಲ್ಲಿ ಹೌದು, ಕೆಲವು ತಳಿಗಳು ಮಾಡುತ್ತವೆ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅಂತ ಒಂದು ಕೆಟ್ಟ ಬ್ಯಾಕ್ಟೀರಿಯಾ ಇದೆ. ಆಂಟಿಬಯೋಟಿಕ್ ಊರು ಖಾಲಿ ಮಾಡಿದಾಗ ಅದು ನುಗ್ಗುತ್ತದೆ. 2017ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆಯಲ್ಲಿ 31 ಪ್ರಯೋಗ ಒಟ್ಟು ಮಾಡಿ ನೋಡಿದರು. ಪ್ರೋಬಯೋಟಿಕ್ ಇಲ್ಲದವರಲ್ಲಿ 4% ಜನಕ್ಕೆ ಈ ಭೇದಿ ಬಂತು, ತಗೊಂಡವರಲ್ಲಿ 1.5%.

ಸಂಶಯಪಿಶಾಚಿ:
ಅಂದರೆ ನೂರಕ್ಕೆ 96 ಜನಕ್ಕೆ ತಗೊಳ್ಳದೇ ಇದ್ದರೂ ಏನೂ ಆಗಲಿಲ್ಲ.

ಲ್ಯಾಬ್ ಕೋಟು:
ಹೌದು. ಅದೂ ನಿಜ. ಅಪಾಯ ಜಾಸ್ತಿ ಇರುವವರಿಗೆ ಲಾಭ ಜಾಸ್ತಿ, ಉಳಿದವರಿಗೆ ಅಷ್ಟಕ್ಕಷ್ಟೇ.

ಎರಡು ಮಕ್ಕಳ ತಾಯಿ:
ನೀವೆಲ್ಲ ಲೆಕ್ಕ ಹಾಕಿಕೊಂಡಿರಿ. ನನ್ನ ಮಗನಿಗೆ ವಾಂತಿಭೇದಿ ಆದಾಗ ಪ್ರೋಬಯೋಟಿಕ್ ಪುಡಿ ಕೊಟ್ಟೆ, ಮೂರೇ ದಿನಕ್ಕೆ ಎದ್ದು ಓಡಾಡಿದ. ಕಣ್ಣಾರೆ ನೋಡಿದ್ದು.

ನೈಟ್ ಶಿಫ್ಟ್:
ಅಕ್ಕಾ, ಮಕ್ಕಳ ವಾಂತಿಭೇದಿ ಹೆಚ್ಚಿನ ಸಲ ಮೂರ್ನಾಲ್ಕು ದಿನಕ್ಕೆ ತಾನೇ ನಿಲ್ಲುತ್ತದೆ. 2018ರಲ್ಲಿ ಇದಕ್ಕೇ ಅಂತ ಎರಡು ದೊಡ್ಡ ಪ್ರಯೋಗ ನಡೆದವು, ಅಮೆರಿಕದಲ್ಲಿ 971 ಮಕ್ಕಳು, ಕೆನಡಾದಲ್ಲಿ 886. ಅರ್ಧ ಮಕ್ಕಳಿಗೆ ಪ್ರೋಬಯೋಟಿಕ್, ಅರ್ಧ ಮಕ್ಕಳಿಗೆ ಖಾಲಿ ಪುಡಿ. ಯಾರಿಗೆ ಯಾವುದು ಅಂತ ತಾಯಂದಿರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ನೀವು ಜೊತೆಗೆ ಓಆರ್‌ಎಸ್ ಕುಡಿಸಿರುತ್ತೀರಿ ಅಲ್ವಾ? ಮಗುವನ್ನು ಕಾಪಾಡಿದ್ದು ಅದೇ.

ಎರಡು ಮಕ್ಕಳ ತಾಯಿ:
ಓಆರ್‌ಎಸ್ ಕುಡಿಸಿದ್ದೆ, ನಿಜ. ಗಂಟೆಗೊಮ್ಮೆ ಅಳಿಸಿಕೊಂಡು ಚಮಚ ಚಮಚ ಕುಡಿಸಿದೆ. ಕೊನೆಗೆ ಹೆಸರು ಮಾತ್ರ ಪುಡಿಗೆ ಹೋಯಿತು ನೋಡಿ.

ಸಂಶಯಪಿಶಾಚಿ:
ದಂಧೆ ಅಂದೆನಲ್ಲ.

ಹಳೇ ಮೇಷ್ಟ್ರು:
ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಬೇಡಿ ಸರ್. ಒಡಿಶಾದ ಹಳ್ಳಿಗಳಲ್ಲಿ ನಡೆದ ಪ್ರಯೋಗದ ಬಗ್ಗೆ ಓದಿ, 2017ರಲ್ಲಿ ಪ್ರಕಟವಾದದ್ದು. 4,556 ನವಜಾತ ಶಿಶುಗಳು. ಅರ್ಧಕ್ಕೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ಮಿನ ಒಂದು ತಳಿ, ಅದರ ಜೊತೆ ಆ ಬ್ಯಾಕ್ಟೀರಿಯಾಕ್ಕೇ ಊಟವಾಗಿ ಒಂದು ಸಕ್ಕರೆ ಜಾತಿಯ ನಾರು. ರಕ್ತದ ನಂಜು ಅಥವಾ ಸಾವು 9% ಇದ್ದದ್ದು 5.4%ಕ್ಕೆ ಇಳಿಯಿತು. ಬರೀ ಏಳು ದಿನದ ಔಷಧಿ! ಇದನ್ನೂ ದಂಧೆ ಅನ್ನುತ್ತೀರಾ?

ನೈಟ್ ಶಿಫ್ಟ್:
ಮೇಷ್ಟ್ರೇ, ಅದು ಒಳ್ಳೆಯ ಪ್ರಯೋಗ. ಆದರೆ ಆ ಮಕ್ಕಳೆಲ್ಲ ಎರಡು ಕೆ.ಜಿ.ಗೆ ಕಡಿಮೆ ಇಲ್ಲದವರು, ಹೆಚ್ಚಿನವರು ತಿಂಗಳು ತುಂಬಿ ಹುಟ್ಟಿದವರು. ತೀರಾ ಮುಂಚೆ ಹುಟ್ಟಿದ ಪುಟ್ಟ ಮಕ್ಕಳ ಕಥೆ ಬೇರೆ. ಅಮೆರಿಕದಲ್ಲಿ ಹಾಗೆ ಹುಟ್ಟಿದ ಒಂದು ಮಗುವಿಗೆ ಕೊಟ್ಟ ಪ್ರೋಬಯೋಟಿಕ್ಕೇ ರಕ್ತಕ್ಕೆ ಸೇರಿ ಮಗು ತೀರಿಕೊಂಡಿತು. 2023ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಇನ್ನೊಂದು, 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಪ್ರಯೋಗ. ಮೇದೋಜೀರಕ ಗ್ರಂಥಿ ಊದಿ ಸೀರಿಯಸ್ ಆದವರಿಗೆ ಸೋಂಕು ತಡೆಯಲಿ ಅಂತ ಪ್ರೋಬಯೋಟಿಕ್ ಕೊಟ್ಟರು. ಕೊಟ್ಟವರಲ್ಲಿ 16% ಜನ ಸತ್ತರು, ಕೊಡದವರಲ್ಲಿ 6%. ಅದು ಗೊತ್ತಾದ ಮೇಲೆ ನಮ್ಮ ಐಸಿಯುನಲ್ಲಿ "ಏನೂ ಆಗಲ್ಲ, ಕೊಡಿ" ಅನ್ನುವ ಮಾತು ನಿಂತಿತು.

ಲ್ಯಾಬ್ ಕೋಟು:
ಇಬ್ಬರೂ ಹೇಳುತ್ತಿರುವುದು ಒಂದೇ. "ಪ್ರೋಬಯೋಟಿಕ್ ಒಳ್ಳೆಯದಾ" ಅಂತ ಕೇಳುವುದು "ಮಾತ್ರೆ ಒಳ್ಳೆಯದಾ" ಅಂತ ಕೇಳಿದ ಹಾಗೆ. ಯಾವ ಮಾತ್ರೆ, ಯಾರಿಗೆ, ಯಾವ ಕಾಯಿಲೆಗೆ?

ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಉದಾಹರಣೆ ತಗೊಳ್ಳಿ. ಅದರ ಒಂದು ತಳಿ ಓ157 ಮಕ್ಕಳ ಕಿಡ್ನಿ ಹಾಳು ಮಾಡುತ್ತದೆ. ಅದೇ ಇ. ಕೋಲೈನ ಇನ್ನೊಂದು ತಳಿ ಔಷಧಿ! 1917ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಜೊತೆಯವರೆಲ್ಲ ಭೇದಿಯಿಂದ ಬಿದ್ದರೂ ಒಬ್ಬ ಸೈನಿಕ ಮಾತ್ರ ಗಟ್ಟಿಯಾಗಿ ಓಡಾಡಿಕೊಂಡಿದ್ದ. ಆಲ್ಫ್ರೆಡ್ ನಿಸ್ಲೆ ಎಂಬ ಜರ್ಮನ್ ಡಾಕ್ಟರ್ ಅವನ ಮಲದಿಂದ ತೆಗೆದ ತಳಿ ಅದು. ಇವತ್ತಿಗೂ ಅದೇ ಹೆಸರಿನಲ್ಲಿ ಬಳಕೆಯಲ್ಲಿದೆ. ಜಾತಿ ಒಂದೇ, ಗುಣ ಆಕಾಶ ಭೂಮಿ. ಬಾಟಲಿ ಮೇಲೆ ತಳಿಯ ಹೆಸರು, ನಂಬರು ಇಲ್ಲದೆ ಬರೀ "ಲ್ಯಾಕ್ಟೋಬ್ಯಾಸಿಲಸ್" ಅಂತಿದ್ದರೆ ನಾನಂತೂ ವಾಪಸ್ ಇಡುತ್ತೇನೆ.

ಬರೀ ಓದುಗ:
ಸೈನಿಕನ ಮಲ... ಊಟ ಮಾಡುತ್ತಾ ಓದಬಾರದಿತ್ತು.

ಮೂಲೆ ಸೀಟು:
ಹಾಗಾದರೆ ಇದನ್ನೂ ಓದಿ. ಈಗ ಒಬ್ಬರ ಮಲವನ್ನೇ ಇನ್ನೊಬ್ಬರ ಕರುಳಿಗೆ ಹಾಕುತ್ತಾರೆ. ಜೋಕ್ ಅಲ್ಲ.

ನೈಟ್ ಶಿಫ್ಟ್:
ಜೋಕ್ ಅಲ್ಲವೇ ಅಲ್ಲ. ಮೇಲೆ ಬಂತಲ್ಲ ಡಿಫಿಸಿಲ್, ಅದು ಪದೇ ಪದೇ ಮರುಕಳಿಸುವವರಿಗೆ. 2013ರ ಡಚ್ ಪ್ರಯೋಗದಲ್ಲಿ ಆರೋಗ್ಯವಂತರ ಮಲದ ದ್ರಾವಣ ಒಂದೇ ಸಲ ಹಾಕಿದ್ದಕ್ಕೆ 16 ಜನರಲ್ಲಿ 13 ಜನ ವಾಸಿಯಾದರು. ಬರೀ ಆಂಟಿಬಯೋಟಿಕ್ ಕೊಟ್ಟ ಗುಂಪಿನಲ್ಲಿ 13 ಜನರಲ್ಲಿ ನಾಲ್ವರಿಗೆ ಮಾತ್ರ ಗುಣ ಆಯಿತು. ವ್ಯತ್ಯಾಸ ಎಷ್ಟಿತ್ತು ಅಂದರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. 2023ರಲ್ಲಿ ಎಫ್‌ಡಿಎ ಇದೇ ಕೆಲಸಕ್ಕೆ ಕ್ಯಾಪ್ಸೂಲ್ ರೂಪದ ಔಷಧಿಗೂ ಒಪ್ಪಿಗೆ ಕೊಟ್ಟಿದೆ. ಆದರೆ ದಾನಿಯ ಮಲವನ್ನು ಸರಿಯಾಗಿ ಪರೀಕ್ಷೆ ಮಾಡದೆ ಹಾಕಿ, ಔಷಧಿಗೆ ಬಗ್ಗದ ಇ. ಕೋಲೈ ಸೇರಿಕೊಂಡು ಸತ್ತವರೂ ಇದ್ದಾರೆ. ಅದು 2019ರ ಸುದ್ದಿ. ದಯವಿಟ್ಟು ಮನೆಯಲ್ಲಿ ಟ್ರೈ ಮಾಡಬೇಡಿ.

ಮೂಲೆ ಸೀಟು:
ಸಿಸ್ಟರ್, ಯಾರು ಟ್ರೈ ಮಾಡುತ್ತಾರೆ ಮನೆಯಲ್ಲಿ!

ನೈಟ್ ಶಿಫ್ಟ್:
ಹಾಲಿಗೆ ಕ್ಯಾಪ್ಸೂಲ್ ಹಾಕಿ ಹೆಪ್ಪು ಹಾಕುವವರು ಇರುವ ಜಾಗ ಇದು.

ಹಲ್ಲುನೋವು:
😅 ಸಕ್ಕರೆ ನೀರಿನ ಪರೀಕ್ಷೆ ಆಯಿತು. ಒಂದು ಗಂಟೆ ಏನೂ ಇಲ್ಲ. ಎರಡನೇ ಗಂಟೆಗೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಈಗ ಮೇಲೆ ಬೆರಳಿನಷ್ಟು ದಪ್ಪ ನೊರೆ ನಿಂತಿದೆ. ಕಿವಿ ಹತ್ತಿರ ಹಿಡಿದರೆ ಚಿರ್ ಚಿರ್ ಸದ್ದು. ವಾಸನೆ ಬೇಕರಿಯದೇ. ಜೀವ ಇದೆ!

ಸರಿ, ಮೂಲ ಪ್ರಶ್ನೆಗೆ ಬನ್ನಿ. ಮೂರು ತಿಂಗಳು ಬೇಕಾ ಬೇಡವಾ?

ಲ್ಯಾಬ್ ಕೋಟು:
ನನ್ನ ಕೇಳಿದರೆ ಬೇಡ. ಡಾಕ್ಟರ್ ಹೇಳಿದ ಒಂದು ವಾರ ಮುಗಿದಿದೆ, ನಿಲ್ಲಿಸಿ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇದನ್ನೇ ನೋಡಿದರು. ಆರೋಗ್ಯವಂತರಿಗೆ ಆಂಟಿಬಯೋಟಿಕ್ ಕೊಟ್ಟು ಮೂರು ಗುಂಪು ಮಾಡಿದರು. ಒಂದು ಗುಂಪನ್ನು ಹಾಗೇ ಬಿಟ್ಟರು. ಇನ್ನೊಂದಕ್ಕೆ 11 ತಳಿಯ ಪ್ರೋಬಯೋಟಿಕ್. ಮೂರನೆಯದಕ್ಕೆ ಅವರವರದೇ ಮಲ, ಮೊದಲೇ ತೆಗೆದಿಟ್ಟದ್ದು. ತಮ್ಮದೇ ವಾಪಸ್ ಪಡೆದವರ ಕರುಳು ಕೆಲವೇ ದಿನಕ್ಕೆ ಮೊದಲಿನಂತಾಯಿತು. ಹಾಗೇ ಬಿಟ್ಟವರದು ನಿಧಾನವಾಗಿ ಸರಿಹೋಯಿತು. ಪ್ರೋಬಯೋಟಿಕ್ ತಗೊಂಡವರದೇ ಎಲ್ಲರಿಗಿಂತ ತಡ! ಬಂದ ನೆಂಟರು ಜಗಲಿ ಹಿಡಿದು ಕೂತರು, ಮನೆಯವರು ಒಳಗೆ ಬರಲು ಒದ್ದಾಡಿದರು.

ಹಳೇ ಮೇಷ್ಟ್ರು:
ಆ ಪ್ರಯೋಗದಲ್ಲಿ ಇದ್ದದ್ದು 21 ಜನ. ಗುಂಪಿಗೆ ಆರರಿಂದ ಎಂಟು. ಒಡಿಶಾದ ನಾಲ್ಕೂವರೆ ಸಾವಿರದ ಮುಂದೆ ಇದನ್ನು ತಂದು ನಿಲ್ಲಿಸುತ್ತೀರಲ್ಲ! ಮೇಲಾಗಿ ತಡವಾಗಿ ಸರಿಹೋದವರಿಗೆ ಯಾವ ಕಾಯಿಲೆಯೂ ಬರಲಿಲ್ಲ. ಅವರು ನುಂಗಿದ್ದೂ ಬೇರೆ ತಳಿಗಳು, ಇವರ ಯೀಸ್ಟ್ ಅಲ್ಲ. ತಳಿ ತಳಿ ಅಂತ ಪಾಠ ಮಾಡಿದವರು ನೀವೇ.

ಲ್ಯಾಬ್ ಕೋಟು:
ಒಪ್ಪಿದೆ ಮೇಷ್ಟ್ರೇ, ಸಿಕ್ಕಿಬಿದ್ದೆ. ಪ್ರಯೋಗ ಸಣ್ಣದು. ಆದರೂ ಮೂರು ತಿಂಗಳು ನುಂಗಿದರೆ ಕರುಳು ಬೇಗ ಸರಿಹೋಗುತ್ತದೆ ಅಂತ ತೋರಿಸಿದ್ದು ಎಲ್ಲಿದೆ? ಹೇಳುವವರು ತೋರಿಸಬೇಕು ಅಲ್ವಾ.

ಹಳೇ ಮೇಷ್ಟ್ರು:
ಅದಕ್ಕೆ ನನ್ನ ತಕರಾರಿಲ್ಲ.

ನಿದ್ದೆಗೇಡಿ:
ವಿಷಯ ಸ್ವಲ್ಪ ಬೇರೆ. ಸಂತೋಷದ ಹಾರ್ಮೋನ್ ಸೆರಟೋನಿನ್ 90% ಕರುಳಲ್ಲೇ ತಯಾರಾಗುತ್ತದಂತೆ. ಹಾಗಾದರೆ ಪ್ರೋಬಯೋಟಿಕ್ ತಗೊಂಡರೆ ಮನಸ್ಸು, ನಿದ್ದೆ ಸರಿಹೋಗುತ್ತದಾ? ನಾನು ಎರಡು ತಿಂಗಳಿಂದ ತಗೊಳ್ಳುತ್ತಿದ್ದೇನೆ.

ಲ್ಯಾಬ್ ಕೋಟು:
90% ಕರುಳಲ್ಲಿ ಅನ್ನುವುದು ನಿಜ. ಆದರೆ ಅದನ್ನು ಮಾಡುವುದು ಹೆಚ್ಚಾಗಿ ಕರುಳಿನ ಗೋಡೆಯ ನಮ್ಮದೇ ಜೀವಕೋಶಗಳು. ಆ ಸೆರಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಕರುಳಿಗೂ ಮಿದುಳಿಗೂ ನರದ ಮೂಲಕ ಮಾತುಕತೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೂ ಕ್ಯಾಪ್ಸೂಲಿಗೂ ನಡುವೆ ತುಂಬಾ ದೂರ. ನಿದ್ದೆ ಬಂತಾ ಎರಡು ತಿಂಗಳಲ್ಲಿ?

ನಿದ್ದೆಗೇಡಿ:
ರಾತ್ರಿ ಎರಡೂವರೆಗೆ ಇದನ್ನು ಬರೆಯುತ್ತಿದ್ದೇನೆ. ನೀವೇ ಹೇಳಿ.

ತಟ್ಟೆ ಖಾಲಿ:
ನಾನು ಕರುಳಿನ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿದ್ದೆ. ಹೆಸರು ಹೇಳಲ್ಲ. ಒಂದೇ ದಿನದ ಮಲವನ್ನು ಎರಡು ಬೇರೆ ಬೇರೆ ಕಂಪನಿಗೆ ಕಳಿಸಿದೆ, ಸುಮ್ನೆ ನೋಡೋಣ ಅಂತ. ಒಬ್ಬರು "ವೈವಿಧ್ಯ ಚೆನ್ನಾಗಿದೆ" ಎಂದರು. ಇನ್ನೊಬ್ಬರು "ಕಡಿಮೆ ಇದೆ, ಕೂಡಲೇ ಗಮನ ಕೊಡಿ" ಎಂದು ಕೆಂಪು ಬಣ್ಣದಲ್ಲಿ ಬರೆದು, ಕೆಳಗೆ ತಮ್ಮದೇ ಪ್ರೋಬಯೋಟಿಕ್‌ನ ಜಾಹೀರಾತು ಹಾಕಿದ್ದರು.

ಸಂಶಯಪಿಶಾಚಿ:
ಈಗಲಾದರೂ ಒಪ್ಪಿ!!

ಹಳೇ ಮೇಷ್ಟ್ರು:
ಟೆಸ್ಟ್ ದಂಧೆ ಇರಬಹುದು, ಬ್ಯಾಕ್ಟೀರಿಯಾ ದಂಧೆ ಅಲ್ಲ. ನಾವು ತಿಂದ ನಾರಿನಂಶ ನಮಗೆ ಜೀರ್ಣ ಆಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ತಿಂದು ಬ್ಯುಟಿರೇಟ್ ಎಂಬ ಆಮ್ಲ ಬಿಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಶಕ್ತಿಯ ಸುಮಾರು 70% ಅದರಿಂದಲೇ ಪಡೆಯುತ್ತವೆ. ಅವು ನಮ್ಮ ಎಂಜಲು ತಿನ್ನುತ್ತವೆ, ನಾವು ಅವುಗಳ ಎಂಜಲು ತಿನ್ನುತ್ತೇವೆ.

ಹೃದಯದ ಮಾತ್ರೆ ಡೈಗಾಕ್ಸಿನ್ ಕೆಲವರಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾರಣ, ಎಗರ್ಥೆಲ್ಲಾ ಲೆಂಟಾ ಎಂಬ ಕರುಳಿನ ಬ್ಯಾಕ್ಟೀರಿಯಾ ಅದನ್ನು ಕೆಡಿಸಿಬಿಡುತ್ತದೆ. ಡಾಕ್ಟರ್ ಬರೆದ ಮಾತ್ರೆಯನ್ನು ಒಳಗಿನ ಬಾಡಿಗೆದಾರ ತಿದ್ದುತ್ತಾನೆ!

ಬರೀ ಓದುಗ:
ಹಾಗಾದರೆ ಮೊಸರು ತಿಂದರೆ ಸಾಕಾ ಇಲ್ಲವಾ? ಒಂದೇ ಮಾತಲ್ಲಿ ಹೇಳಿ.

ಲ್ಯಾಬ್ ಕೋಟು:
ಒಂದೇ ಮಾತಲ್ಲಿ ಆಗಲ್ಲ, ಕ್ಷಮಿಸಿ. ಹಾಲು ಆಗದವರಿಗೆ ಮೊಸರು ಆಗುತ್ತದೆ, ಇದಕ್ಕೆ ಗಟ್ಟಿ ಆಧಾರ ಇದೆ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಒಡೆಯಲು ಸಹಾಯ ಮಾಡುತ್ತವೆ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಜನರ ಮೇಲೆ ಹತ್ತು ವಾರ ಪ್ರಯೋಗ ಮಾಡಿದರು. ಅರ್ಧ ಜನಕ್ಕೆ ಹುದುಗಿಸಿದ ಆಹಾರ ಜಾಸ್ತಿ, ಅರ್ಧ ಜನಕ್ಕೆ ನಾರಿನಂಶ ಜಾಸ್ತಿ. ಹುದುಗಿಸಿದ್ದು ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ 19 ಪ್ರೋಟೀನ್ ಇಳಿದವು. ಮೇಷ್ಟ್ರು ಹೇಳುವ ಮೊದಲೇ ನಾನೇ ಹೇಳುತ್ತೇನೆ, 36 ಜನ ಅಂದರೆ ಸಣ್ಣದು.

ಹಳೇ ಮೇಷ್ಟ್ರು:
🙏

ಮೂಲೆ ಸೀಟು:
ಮೊಸರು ತಿಂದು ನೂರು ವರ್ಷ ಬದುಕಬಹುದು ಅಂದ ವಿಜ್ಞಾನಿ ಒಬ್ಬ ಇದ್ದನಲ್ಲ?

ಹಳೇ ಮೇಷ್ಟ್ರು:
ಮೆಚ್ನಿಕಾಫ್. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯವರು. 1908ರ ನೊಬೆಲ್ ಬಂದದ್ದು ರೋಗನಿರೋಧಕ ಶಕ್ತಿಯ ಕೆಲಸಕ್ಕೆ, ಮೊಸರಿಗಲ್ಲ. ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದು ಬಹಳ ವರ್ಷ ಬದುಕುತ್ತಾರೆ ಎಂದು ನಂಬಿ ತಾವೂ ದಿನಾ ಕುಡಿಯುತ್ತಿದ್ದರು. 71ಕ್ಕೆ ತೀರಿಕೊಂಡರು.

ನೈಟ್ ಶಿಫ್ಟ್:
@ಹಲ್ಲುನೋವು, ಎಲ್ಲರೂ ನಿಮ್ಮ ಹೊಟ್ಟೆ ಬಿಟ್ಟು ಎಲ್ಲೆಲ್ಲೋ ಹೋದರು. ಜ್ವರ ಇದೆಯಾ? ಮಲದಲ್ಲಿ ರಕ್ತ? ನೀರಿನಂಥ ಭೇದಿ ಮತ್ತೆ ಶುರುವಾಯಿತಾ? ಡಿಫಿಸಿಲ್ ಭೇದಿ ಆಂಟಿಬಯೋಟಿಕ್ ನಿಲ್ಲಿಸಿ ಕೆಲವು ವಾರ ಆದ ಮೇಲೂ ಬರುತ್ತದೆ. ಹಾಗಿದ್ದರೆ ಭೇದಿ ನಿಲ್ಲುವ ಮಾತ್ರೆ ನೀವೇ ನುಂಗಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಅದಿಲ್ಲ ಅಂದರೆ ಇನ್ನೊಂದು ಪ್ರಶ್ನೆ. ಹಲ್ಲಿನ ಗಲಾಟೆ ಆದ ಮೇಲೆ ಊಟ ತಿಂಡಿಯಲ್ಲಿ ಹೊಸದಾಗಿ ಏನು ಸೇರಿತು?

ಹಲ್ಲುನೋವು:
ಜ್ವರ, ರಕ್ತ, ಭೇದಿ ಯಾವುದೂ ಇಲ್ಲ. ಹೊಸದು ಅಂದರೆ... ಸಿಹಿ ಬಿಡಿ ಎಂದು ಹಲ್ಲಿನ ಡಾಕ್ಟರ್ ಹೇಳಿದರು. ಅದಕ್ಕೆ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಜಗಿಯುತ್ತಿದ್ದೇನೆ. ದಿನಕ್ಕೆ ಎಂಟು ಹತ್ತು ಆಗಬಹುದು.

ನೈಟ್ ಶಿಫ್ಟ್:
ಪ್ಯಾಕೆಟ್ ತಿರುಗಿಸಿ ನೋಡಿ. ಸಾರ್ಬಿಟಾಲ್ ಅಂತ ಇದೆಯಾ? ಸಕ್ಕರೆ ಬದಲಿಗೆ ಹಾಕುವ ಸಿಹಿ ಅದು.

ಹಲ್ಲುನೋವು:
ಮೊದಲನೇ ಹೆಸರೇ ಅದು.

ಲ್ಯಾಬ್ ಕೋಟು:
ಹ್ಹಹ್ಹಹ್ಹಾ. ಸಾರ್ಬಿಟಾಲನ್ನು ಸಣ್ಣ ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಹಬ್ಬ, ನಿಮಗೆ ಗ್ಯಾಸು. ದಿನಕ್ಕೆ ಹತ್ತು ಗ್ರಾಂ ಆದರೆ ಸಾಕು, ಕೆಲವರಿಗೆ ಹೊಟ್ಟೆ ಉಬ್ಬುತ್ತದೆ. ನಿಮ್ಮ ಸಕ್ಕರೆ ನೀರಿನ ಲೋಟದಲ್ಲಿ ಆಗಿದ್ದೇ ಸಂಜೆ ಸಂಜೆ ಹೊಟ್ಟೆಯಲ್ಲೂ ಆಗುತ್ತಿದೆ. ಅಲ್ಲಿ ಯೀಸ್ಟು, ಇಲ್ಲಿ ಬ್ಯಾಕ್ಟೀರಿಯಾ, ಅಷ್ಟೇ.

ಎರಡು ಮಕ್ಕಳ ತಾಯಿ:
ಇಷ್ಟೆಲ್ಲ ಚರ್ಚೆ ಆಗಿ ಕೊನೆಗೆ ಚ್ಯೂಯಿಂಗ್ ಗಮ್ಮಾ!

ಹಲ್ಲುನೋವು:
ಐದು ದಿನದ ವರದಿ. ಗಮ್ ಬಿಟ್ಟೆ, ಕ್ಯಾಪ್ಸೂಲೂ ನಿಲ್ಲಿಸಿದೆ. ಡಾಕ್ಟರಿಗೂ ಫೋನ್ ಮಾಡಿ ಹೇಳಿದೆ, ನಿಲ್ಲಿಸಿದ್ದು ಸರಿ ಎಂದರು. ಹೊಟ್ಟೆ ಉಬ್ಬರ ಎರಡನೇ ದಿನವೇ ಮಾಯ.

ಲ್ಯಾಬ್ ಕೋಟು:
ಎರಡನ್ನೂ ಒಟ್ಟಿಗೆ ಯಾಕ್ರೀ ನಿಲ್ಲಿಸಿದಿರಿ! ಈಗ ಯಾವುದರಿಂದ ಹೋಯಿತು ಅಂತ ಹೇಗೆ ಗೊತ್ತಾಗಬೇಕು? ಒಂದೊಂದಾಗಿ ಬಿಡಬೇಕಿತ್ತು.

ಹಲ್ಲುನೋವು:
ಹೊಟ್ಟೆ ನನ್ನದು ಸರ್, ಪ್ರಯೋಗಾಲಯ ಅಲ್ಲ.

ಸಂಶಯಪಿಶಾಚಿ:
ಉಳಿದ ಕ್ಯಾಪ್ಸೂಲ್ ಏನು ಮಾಡಿದಿರಿ?

ಹಲ್ಲುನೋವು:
ಆರು ಉಳಿದಿದೆ. ಒಂದನ್ನು ಮೈದಾಹಿಟ್ಟಿಗೆ ಹಾಕಿ ನೋಡೋಣ ಅಂತಿದ್ದೇನೆ, ಉಬ್ಬುತ್ತದಾ ಅಂತ.